ಹಾಸನ ಬಸ್ ಸ್ಟ್ಯಾಂಡಿನ ಅಜ್ಜಿ ಆಶ್ರಯ ಕೇಂದ್ರಕ್ಕೆ ಬರಲ್ಲ ಅಂತಾರೆ, ಏನು ಮಾಡಲಿ?

ಸೀಗೆಗುಡ್ಡದ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ವಯಸ್ಸು 26, ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸ. ಎರಡು ತಿಂಗಳಿಂದ ಇಲ್ಲಿನ ಒಂದು ವಸತಿರಹಿತರ ಆಶ್ರಯ ಕೇಂದ್ರಕ್ಕೆ ಮಂಗಳವಾರ, ಶುಕ್ರವಾರ ರಾತ್ರಿ ಹೋಗ್ತಿದ್ದೀನಿ. ಊಟ ಬಡಿಸ್ತೀನಿ, ಕಂಬಳಿ ಕೊಡವಿ ಮಡಚಿಡ್ತೀನಿ, ರಿಜಿಸ್ಟರ್ ಬರೀತೀನಿ. ಒಂಬತ್ತು ಗಂಟೆ ಮೇಲೆ ಕೇರ್‌ಟೇಕರ್ ಅಣ್ಣನ ಜೊತೆ ಬಿಳಿ ಓಮ್ನಿಯಲ್ಲಿ ರೈಲ್ವೆ ಸ್ಟೇಷನ್, ಎನ್.ಆರ್. ಸರ್ಕಲ್, ಬಸ್ ಸ್ಟ್ಯಾಂಡ್ ಅಂತ ಒಂದು ಸುತ್ತು ಹೋಗಿ, ಹೊರಗೆ ಮಲಗಿರೋರನ್ನ ಕರೀತೀವಿ. ಈ ಚಳಿಯಲ್ಲೂ ನಮ್ಮಲ್ಲಿ ಮಂಚ ಖಾಲಿ ಬಿದ್ದಿವೆ.

ಧರ್ಮಸ್ಥಳದ ಬಸ್ಸು ನಿಲ್ಲೋ ಕಡೆ ಸಿಮೆಂಟ್ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿರ್ತಾರೆ. ಎಪ್ಪತ್ತರ ಮೇಲಾಗಿರಬೇಕು. ಗೊಬ್ಬರದ ಚೀಲದಲ್ಲಿ ಒಂದು ಗಂಟು, ಅದನ್ನ ಮೊಣಕಾಲಿಗೆ ಒತ್ತಿಕೊಂಡೇ ಇರ್ತಾರೆ. ಏಳು ಸಲ ಕರೆದಿದ್ದೀನಿ. ಏಳು ಸಲವೂ ಒಂದೇ ಮಾತು: "ನಾನ್ ಬರಾಕಿಲ್ಲ ಕಣಪ್ಪ, ಬೆಳಿಗ್ಗೆ ಕೆಲ್ಸ ಐತೆ." ಈ ವಯಸ್ಸಲ್ಲಿ ಏನು ಕೆಲಸ? ಸುಮ್ಮನೆ ನೆಪ ಹೇಳ್ತಾರೆ ಅಂದ್ಕೊಂಡೆ. ನೀರಿನ ಬಾಟ್ಲಿ ಕೊಟ್ರೆ ಇಸ್ಕೊಂಡು ಪಕ್ಕಕ್ಕೆ ಇಡ್ತಾರೆ, ಕುಡಿಯಲ್ಲ. ಪಾದ ಎರಡೂ ಊದಿಕೊಂಡು ಚಪ್ಪಲಿ ಪಟ್ಟಿ ಒಳಕ್ಕೆ ಹೂತಿದೆ. ದೂರದಿಂದ ನಮ್ಮ ಗಾಡಿ ಕಂಡ್ರೆ ಕೆಲವು ಸಲ ಎದ್ದು ಕಂಬದ ಹಿಂದೆ ಹೋಗಿಬಿಡ್ತಾರೆ.

ಹೋದ ಶುಕ್ರವಾರ ನನ್ನಿಂದ ತಪ್ಪಾಯ್ತು. ಎಬ್ಬಿಸೋಣ ಅಂತ ಗಂಟನ್ನ ನಾನೇ ಎತ್ತಿಕೊಂಡೆ. ಅಜ್ಜಿ ಕಿರುಚಿಕೊಂಡರು. ಬಸ್ಸಿಗೆ ಕಾಯ್ತಿದ್ದೋರೆಲ್ಲ ಸುತ್ತ ನಿಂತು ಕಳ್ಳನ್ನ ನೋಡಿದ ಹಾಗೆ ನೋಡಿದ್ರು. ಅವರು ನೋಡಿದ್ದಕ್ಕಲ್ಲ, ಅಜ್ಜಿ ಕೈ ನಡುಗ್ತಿತ್ತಲ್ಲ, ಅದು ಮನಸ್ಸಿಂದ ಹೋಗ್ತಿಲ್ಲ. ಬಲವಂತ ಮಾಡಿಯಾದ್ರೂ ಕರ್ಕೊಂಡು ಬರಬೇಕಾ, ಬಿಟ್ಟುಬಿಡಬೇಕಾ? ಅನುಭವ ಇದ್ದೋರು ಹೇಳಿ.

ಸಿಸ್ಟರಮ್ಮ:

ನೋಡಪ್ಪ, ನಿನ್ನ ವಯಸ್ಸಿನ ಮಗ ನನಗಿದ್ದಾನೆ, ಅದಕ್ಕೆ ನೀನು ಅಂತಲೇ ಬರೀತೀನಿ. ಸರ್ಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ರಿಟೈರ್ ಆದ ಮೇಲೆ ಗುರುವಾರ ಮಧ್ಯಾಹ್ನ ಇಂಥದ್ದೇ ಒಂದು ಕೇಂದ್ರಕ್ಕೆ ಹೋಗಿ ಉಗುರು ಕತ್ತರಿಸಿ, ಗಾಯ ತೊಳೆದು ಬರ್ತೀನಿ.

ಆ ಅಜ್ಜಿ ನಿನಗೆ ಕಾರಣ ಹೇಳಿದ್ದಾರೆ, ನೀನು ನಂಬಲಿಲ್ಲ. ಬೆಳಿಗ್ಗೆ ಕೆಲಸ ಇದೆ ಅಂದ್ರೆ ಇದೆ. ನಾಳೆ ನಾಲ್ಕೂವರೆಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ದೂರದಲ್ಲಿ ನಿಂತು ನೋಡು. ಯಾವುದೋ ಹೋಟ್ಲು ಮುಂದೆ ಕಸ ಗುಡಿಸಿ ನೀರು ಹಾಕ್ತಿರ್ತಾರೆ, ಇಲ್ಲ ಹೂವಿನೋರಿಗೆ ಬುಟ್ಟಿ ಇಳಿಸಿಕೊಡ್ತಿರ್ತಾರೆ. ನಿಮ್ಮ ಕೇಂದ್ರದ ಗೇಟು ಎಷ್ಟು ಗಂಟೆಗೆ ತೆಗೀತಾರೆ? ಆರಕ್ಕೆ ತೆಗೆಯೋದಾದ್ರೆ ಒಂದು ರಾತ್ರಿ ಬೆಚ್ಚಗೆ ಮಲಗೋಕೆ ಅವರು ಆ ಕೆಲಸವನ್ನೇ ಬಿಡಬೇಕು. ನಾಳೆ ಆ ಜಾಗಕ್ಕೆ ಬೇರೆಯವರು ಬಂದಿರ್ತಾರೆ.

ಇನ್ನು ಕಾಲು. ಮಲಗಿದ್ರೆ ಯಾರಾದ್ರೂ ಎಬ್ಬಿಸ್ತಾರೆ, ಗಂಟು ಹೋಗುತ್ತೆ ಅಂತ ವಯಸ್ಸಾದೋರು ಬೆಂಚಿನ ಮೇಲೆ ಕೂತೇ ನಿದ್ದೆ ಮಾಡ್ತಾರೆ. ರಾತ್ರಿಯೆಲ್ಲ ಕಾಲು ಇಳಿಬಿಟ್ರೆ ನೀರು ಕೆಳಗೆ ಇಳಿದು ಪಾದ ಊದುತ್ತೆ. ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಗುಳಿ ಹಾಗೇ ಉಳಿಯುತ್ತೆ. ಹೃದಯ, ಕಿಡ್ನಿ ತೊಂದರೆಯಿಂದಲೂ ಬರಬಹುದು, ಅದನ್ನ ಡಾಕ್ಟರೇ ನೋಡಬೇಕು. ಒಂದು ಕಾಲು ಮಾತ್ರ ಊದಿ ಕೆಂಪಾಗಿ ಬಿಸಿ ಇದ್ರೆ, ಏದುಸಿರು ಇದ್ರೆ ಕಾಯಬೇಡ, 108ಕ್ಕೆ ಫೋನ್ ಮಾಡು.

ನೀರು ಯಾಕೆ ಕುಡಿಯಲ್ಲ ಗೊತ್ತಾ? ಕುಡಿದ್ರೆ ರಾತ್ರಿ ಏಳಬೇಕು. ಶೌಚಾಲಯಕ್ಕೆ ಕಾಸು ಕೊಡಬೇಕು, ಗಂಟು ಯಾರ ಹತ್ರ ಬಿಡೋದು, ಕತ್ತಲಲ್ಲಿ ಒಬ್ಬರೇ ಹೋಗೋದು ಹೇಗೆ? ಹೆಂಗಸರು ಸಂಜೆ ಐದರ ಮೇಲೆ ಬಾಯಿ ಒಣಗಿಸಿಕೊಂಡೇ ಇರ್ತಾರೆ. ಆಮೇಲೆ ಉರಿಮೂತ್ರ. ವಯಸ್ಸಾದೋರಿಗೆ ಮೂತ್ರದ ಸೋಂಕು ಆದ್ರೆ ಜ್ವರ ಬರದೇನೂ ಇರಬಹುದು, ಇದ್ದಕ್ಕಿದ್ದ ಹಾಗೆ ಏನೇನೋ ಬಡಬಡಿಸೋಕೆ ಶುರು ಮಾಡ್ತಾರೆ. ಜನ "ತಲೆ ಕೆಟ್ಟಿದೆ" ಅಂತ ದೂರ ಸರೀತಾರೆ. ಎಂಟು ದಿನದ ಮಾತ್ರೆಯಲ್ಲಿ ಸರಿಹೋದೋರನ್ನ ನಾನೇ ನೋಡಿದ್ದೀನಿ.

ಗಾಡಿ ಕಂಡ್ರೆ ಓಡೋದಕ್ಕೂ ಕಾರಣ ಇದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಪ್ರಕಾರ ಬೇಡುವವರನ್ನ ಹಿಡಿದು ಪರಿಹಾರ ಕೇಂದ್ರಕ್ಕೆ ಕಳಿಸಬಹುದು. ಮನೆ ಕಂದಾಯದ ಜೊತೆ ನಾವು ಕಟ್ಟೋ 3% ಭಿಕ್ಷುಕರ ಕರ ಅದಕ್ಕೇ ಹೋಗೋದು. ರಸ್ತೆ ಮೇಲೆ ಮಲಗೋರಿಗೆಲ್ಲ ಹಾಗೆ ಹಿಡ್ಕೊಂಡು ಹೋಗೋ ವ್ಯಾನಿನ ಭಯ ಇರುತ್ತೆ. ನಿಮ್ಮ ಬಿಳಿ ಓಮ್ನಿ ಯಾವುದು, ಆ ವ್ಯಾನ್ ಯಾವುದು ಅಂತ ರಾತ್ರಿ ಹತ್ತು ಗಂಟೆಗೆ ಅವರಿಗೆ ಹೇಗೆ ಗೊತ್ತಾಗಬೇಕು? ನಿಮ್ಮದು ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದಲ್ಲಿ ಶುರುವಾದ ಆಶ್ರಯ ಕೇಂದ್ರ ತಾನೇ, ಅಲ್ಲಿ ಯಾರನ್ನೂ ಕೂಡಿಹಾಕೋ ಹಾಗಿಲ್ಲ. ಆ ವ್ಯತ್ಯಾಸವನ್ನ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಗಾಡಿ ದೂರ ನಿಲ್ಲಿಸಿ ನಡ್ಕೊಂಡು ಹೋಗು. ಹಗಲು ಹೊತ್ತಲ್ಲಿ ಹೋಗು. ಮಲಗೋಕೆ ಕರೀಬೇಡ, ಬಿಸಿನೀರಿನ ಸ್ನಾನಕ್ಕೆ ಕರಿ. ಸಂಜೆ ನೀನೇ ವಾಪಸ್ ಬೆಂಚಿನ ಹತ್ರ ಬಿಟ್ಟು ಬಾ. ಬಿಟ್ಟು ಬರ್ತಾನೆ ಅಂತ ಒಂದು ಸಲ ಕಣ್ಣಾರೆ ಕಾಣಲಿ.

ಬಲವಂತ ಬೇಡವೇ ಬೇಡ. ತಾನೆಲ್ಲಿದ್ದೀನಿ ಅನ್ನೋದೂ ಗೊತ್ತಿಲ್ಲದೆ, ಮೈಮೇಲೆ ಬಟ್ಟೆ ನಿಲ್ಲಿಸಿಕೊಳ್ಳದೆ ಅಲೀತಿರೋರ ವಿಷಯ ಬೇರೆ. ಅಂಥೋರಿಗೆ ರಕ್ಷಣೆ ಕೊಟ್ಟು ಆಸ್ಪತ್ರೆಗೆ ತೋರಿಸೋದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪೊಲೀಸರ ಕರ್ತವ್ಯ, 112ಕ್ಕೆ ಹೇಳಬೇಕು. ನಿನ್ನ ಅಜ್ಜಿಗೆ ಬುದ್ಧಿ ಸ್ಪಷ್ಟವಾಗೇ ಇದೆ.

ಮೂಡಿಗೆರೆ ಮಳೆ:

ಸಿಸ್ಟರಮ್ಮ ಹೇಳಿದ್ದಕ್ಕೆ ನನ್ನದೂ ಸೇರಿಸ್ತೀನಿ. ನಾನು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಆಳುಗಳ ಹಾಜರಿ, ಲೆಕ್ಕ ನೋಡೋನು, ಆಗಿದ್ದವನು. ಕುಡಿತದಿಂದ ಕೆಲಸ ಹೋಯ್ತು. ತೋಟದಲ್ಲಿ ಕೆಲಸ ಹೋದ್ರೆ ಮನೆಯೂ ಹೋಯ್ತು ಅಂತಲೇ ಲೆಕ್ಕ, ಆಳುಗಳ ಲೈನ್ ಮನೆಯಿಂದ ಹಿಡಿದು ಕ್ವಾರ್ಟರ್ಸ್‌ವರೆಗೆ ಎಲ್ಲಾ ತೋಟದ್ದೇ. ಐದು ತಿಂಗಳು ಚಿಕ್ಕಮಗಳೂರು ಬಸ್ ಸ್ಟ್ಯಾಂಡಲ್ಲಿ ಮಲಗಿದ್ದೀನಿ, ಅದರಲ್ಲಿ ಮುಕ್ಕಾಲು ಪಾಲು ಮಳೆಗಾಲ.

ಆಶ್ರಯ ಕೇಂದ್ರ ಇದೆ ಅಂತ ಗೊತ್ತಿತ್ತು. ಹೋಗಲಿಲ್ಲ. ಬಾಗಿಲಲ್ಲೇ ಬಾಯಿ ಮೂಸಿ ನೋಡ್ತಾರೆ ಅಂತಿದ್ರು. ಒಂದಿನ ಕುಡಿಯದೇ ಹೋಗೋಣ ಅಂತ ಮನಸ್ಸು ಮಾಡಿದೆ. ಸಂಜೆಗೆ ಕೈ ನಡುಗಿ ಟೀ ಲೋಟ ಹಿಡಿಯೋಕಾಗಲಿಲ್ಲ, ರಾತ್ರಿ ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣ್ತು. ವರ್ಷಗಟ್ಟಲೆ ಕುಡಿದೋರು ಒಂದೇ ಸಲಕ್ಕೆ ನಿಲ್ಲಿಸಿದ್ರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ ಅಂತ ಆಮೇಲೆ ಆಸ್ಪತ್ರೆಯಲ್ಲಿ ಹೇಳಿದ್ರು. ದಯವಿಟ್ಟು "ಇವತ್ತೊಂದಿನ ಬಿಟ್ಟು ಬನ್ನಿ" ಅಂತ ಯಾರಿಗೂ ಹೇಳಬೇಡಿ, ಮೊದಲು ಡಾಕ್ಟರ ಹತ್ರ ಕರ್ಕೊಂಡು ಹೋಗಿ.

ಇನ್ನೊಂದು. ಬಯಲಲ್ಲಿ ಮಲಗಿ ಅಭ್ಯಾಸ ಆದೋರಿಗೆ ಸಾಲು ಮಂಚದ ನಡುವೆ ನಿದ್ದೆ ಬರಲ್ಲ. ಬೆನ್ನ ಹಿಂದೆ ಯಾರಿದ್ದಾರೋ ಅಂತ ರಾತ್ರಿಯಿಡೀ ಎಚ್ಚರ. ನನ್ನನ್ನ ಕರೀತಿದ್ದ ಹುಡುಗ ಕೊನೆಗೆ ಕೇಳಿದ್ದು ಒಂದೇ: "ಅಣ್ಣ, ಯಾವ ಜಾಗ ಬೇಕು?" ಗೋಡೆ ಪಕ್ಕದ್ದು ಬೇಕು ಅಂದೆ. ಅದನ್ನೇ ಖಾಲಿ ಮಾಡಿಸಿಟ್ಟಿದ್ದ. ಆವತ್ತು ಹೋದೆ.

ಕಂಬಳಿ ವಿಷಯಾನೂ ನೋಡಿ. ಅಲ್ಲಿ ಮಲಗಿದ್ರೆ ಮೈ ತುರಿಸುತ್ತೆ ಅನ್ನೋ ಮಾತು ಬಸ್ ಸ್ಟ್ಯಾಂಡಲ್ಲಿ ಎಲ್ಲರ ಬಾಯಲ್ಲೂ ಇತ್ತು, ಅದು ಸುಳ್ಳೂ ಆಗಿರಲಿಲ್ಲ.

ಸಿಸ್ಟರಮ್ಮ:

ತುರಿಕೆ ಅಂದ್ರಲ್ಲ, ಬೆರಳ ಸಂದಿ, ಹೊಟ್ಟೆ, ಸೊಂಟದ ಸುತ್ತ, ರಾತ್ರಿ ಹೊತ್ತು ಜಾಸ್ತಿ ಆಗೋದಾದ್ರೆ ಅದು ಕಜ್ಜಿ. ಡಾಕ್ಟರಿಗೆ ತೋರಿಸಿ, ಪರ್ಮೆಥ್ರಿನ್ ಮುಲಾಮು ಬರ್ಕೊಡ್ತಾರೆ. ಕತ್ತಿಂದ ಕೆಳಗೆ ಒಂದಿಂಚೂ ಬಿಡದೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೀಬೇಕು, ವಾರ ಬಿಟ್ಟು ಇನ್ನೊಂದು ಸಲ. ಒಬ್ಬರಿಗೆ ಹಚ್ಚಿ ಪ್ರಯೋಜನ ಇಲ್ಲ, ಕೋಣೆಯಲ್ಲಿ ಮಲಗೋ ಅಷ್ಟೂ ಜನಕ್ಕೆ ಒಂದೇ ದಿನ ಹಚ್ಚಬೇಕು, ಅದೇ ದಿನ ಹೊದಿಕೆ, ಬಟ್ಟೆ ಬಿಸಿನೀರಲ್ಲಿ ಒಗೀಬೇಕು. ಒಗೆಯೋಕೆ ಆಗದ ಕಂಬಳಿಯನ್ನ ಚೀಲದಲ್ಲಿ ಕಟ್ಟಿ ಒಂದು ವಾರ ಮುಟ್ಟದೆ ಇಡಿ.

ಅರಸೀಕೆರೆ ಜಂಕ್ಷನ್:

65 ದಾಟಿದ್ರೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ಅರ್ಜಿ ನಾಡಕಚೇರಿಯಲ್ಲಿ. ಬೆರಳು ಸವೆದು ಅಚ್ಚು ಬೀಳದಿದ್ರೆ ಆಧಾರ್‌ಗೆ ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡಿಸಬಹುದು. ವೃದ್ಧರ ಸಹಾಯವಾಣಿ 14567. ಆದರೆ ಮೊದಲನೇ ದಿನವೇ ಕಾರ್ಡ್ ಕೇಳಬೇಡಿ, ಹೆದರಿಬಿಡ್ತಾರೆ. ಕೇಂದ್ರದಲ್ಲಿ ಲಾಕರ್ ಇದೆಯಾ ವಿಚಾರಿಸಿ. ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲೇ ತಂಗುವವರ ಸಾಮಾನಿಗೆ ಲಾಕರ್ ಕೊಡಬೇಕು ಅಂತಿತ್ತು.

ಸೀಗೆಗುಡ್ಡದ ಹುಡುಗ:

ಹದಿನೈದು ದಿನ ಆಯ್ತು, ಏನಾಯ್ತು ಅಂತ ಬರೀತಿದ್ದೀನಿ.

ಸಿಸ್ಟರಮ್ಮ, ನೀವು ಹೇಳಿದ ಹಾಗೆ ನಾಲ್ಕೂವರೆಗೆ ಹೋಗಿ ನಿಂತೆ. ಮಂಜಲ್ಲಿ ಬಿ.ಎಂ. ರಸ್ತೆ ಆ ಕಡೆಯದ್ದು ಕಾಣ್ತಿರಲಿಲ್ಲ. ಅಜ್ಜಿ ಒಂದು ಟೀ ಹೋಟ್ಲು ಮುಂದೆ ಸೊಂಟ ಬಗ್ಗಿಸಿ ತೆಂಗಿನ ಪೊರಕೆಯಲ್ಲಿ ಗುಡಿಸ್ತಿದ್ರು. ಗುಡಿಸಿ, ನೀರು ಚಿಮುಕಿಸಿ, ಬಾಗಿಲಿಗೆ ಎರಡೆಳೆ ರಂಗೋಲಿ. ಹೋಟ್ಲಿನೋರು ಮೊದಲ ಟೀ ಅವರಿಗೇ ಕೊಟ್ರು. ನಾನು ಮಾತಾಡಿಸದೆ ವಾಪಸ್ ಬಂದೆ.

ಕೇರ್‌ಟೇಕರ್ ಅಣ್ಣನಿಗೆ ಗೇಟಿನ ವಿಷಯ ಹೇಳಿದಾಗ ಮೊದಲು ಒಪ್ಪಲಿಲ್ಲ. ಬೆಳಗಿನ ಜಾವ ಯಾರು ಏಳ್ತಾರೆ ಅಂದ್ರು, ಅವರದ್ದೂ ಒಬ್ಬರದೇ ಡ್ಯೂಟಿ. ಕೊನೆಗೆ ಹಾಲಿನ ಗಾಡಿಗೆ ಹೋಗೋ ಒಬ್ಬರು ನಮ್ಮಲ್ಲೇ ಮಲಗ್ತಾರಲ್ಲ, ನಾಲ್ಕು ಗಂಟೆಗೆ ಅವರು ತೆಗೆದು ಹಾಕ್ಕೊಳ್ಳೋದು ಅಂತ ಆಯ್ತು.

ಗುರುವಾರ ಮಧ್ಯಾಹ್ನ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಸ್ನಾನಕ್ಕೆ ಕರೆದೆ. ಮೊದಲು ಗಂಟಿನ ವಿಷಯಕ್ಕೆ ಕೈ ಮುಗಿದು ತಪ್ಪಾಯ್ತು ಅಂದೆ. ತುಂಬಾ ಹೊತ್ತು ನನ್ನ ಮುಖ ನೋಡಿ, "ಗಂಟು ನಾನೇ ಹೊರ್ತೀನಿ" ಅಂದ್ರು. ಆಟೋದಲ್ಲಿ ಬಂದ್ರು. ಐದು ಗಂಟೆಗೆ ವಾಪಸ್ ಬೆಂಚಿಗೆ ಬಿಟ್ಟೆ. ಸೋಮವಾರ ಮತ್ತೆ ಸ್ನಾನಕ್ಕೆ ಬಂದು ಹೋದ್ರು. ನಿನ್ನೆ ಶುಕ್ರವಾರ ಗಾಡಿ ಬಿಟ್ಟು ನಡ್ಕೊಂಡು ಹೋದಾಗ ಅವರೇ ಕೇಳಿದ್ರು, "ಬಾಗಿಲತ್ರ ಮಂಚ ಐತೇನಪ್ಪ?" ಅಂತ. ಇತ್ತು. ಮಲಗೋಕೆ ಮುಂಚೆ ಚೊಂಬಲ್ಲಿ ನೀರು ಇಸ್ಕೊಂಡು ಪೂರ್ತಿ ಕುಡಿದ್ರು.

ಲಾಕರ್ ಇದ್ದವು, ಬೀಗ ಇರಲಿಲ್ಲ. ಒಂದು ಬೀಗ ತಂದುಕೊಟ್ಟೆ. ಗಂಟಲ್ಲಿ ಏನಿದೆ ಅಂತ ನಾನು ಕೇಳಿಲ್ಲ. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿ, ಕೀಲಿಕೈಯನ್ನ ಸೆರಗಿನ ತುದಿಗೆ ಕಟ್ಟಿಕೊಂಡು ಮಲಗಿದ್ರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗುಡಿಸೋಕೆ ಹೋದ್ರಂತೆ. ಗಂಟು ಲಾಕರಲ್ಲೇ ಇದೆ.

ಪಾದದ ಊತ ಇನ್ನೂ ಇಳಿದಿಲ್ಲ, ಒತ್ತಿದ್ರೆ ಗುಳಿ ಬೀಳುತ್ತೆ. ಸಿಸ್ಟರಮ್ಮ, ಮಂಗಳವಾರ ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಅಂತಿದ್ದೀನಿ, ಟೀ ಹೋಟ್ಲು ಕೆಲಸ ಮುಗಿಸಿ ಹೋದ್ರೆ ಒಂಬತ್ತಕ್ಕೆ ಚೀಟಿ ಮಾಡಿಸೋಕೆ ಆಗುತ್ತಾ?