ಭಿನ್ನರಾಶಿ ಆಟದ ಎನ್‌ಪಿಸಿ (ಕಂಪ್ಯೂಟರ್ ನಡೆಸೋ ಪಾತ್ರ) ಉತ್ತರ ಬಿಟ್ಟುಕೊಡ್ತಿದೆ (ಪರಿಹಾರ ಸಿಕ್ಕಿದೆ)

ಗೆರೆಬರಹ:
ನಮಸ್ಕಾರ. ಮಕ್ಕಳಿಗೆ ಭಿನ್ನರಾಶಿ ಕಲಿಸೋ ಆಟವೊಂದನ್ನು ಯೂನಿಟಿಯಲ್ಲಿ (ಆಟ ಕಟ್ಟೋ ತಂತ್ರಾಂಶ) ಮಾಡ್ತಿದ್ದೇನೆ. 1/2 ಮೀಟರ್, 1/3 ಮೀಟರ್ ಹಲಗೆ ಜೋಡಿಸಿದರೆ ಒಟ್ಟು ಉದ್ದ ಎಷ್ಟು ಅಂತ ಹೇಳಿದರೆ ಸೇತುವೆ ಕಾಯೋ ಅಜ್ಜ ದಾರಿ ಬಿಡ್ತಾನೆ. ಅಜ್ಜನ ಮಾತಿಗೆ ಭಾಷಾ ಮಾದರಿಯೊಂದನ್ನು (ಮಾತು ಹೆಣೆಯೋ ಎಐ) ಎಪಿಐ ಮೂಲಕ ಜೋಡಿಸಿದ್ದೇನೆ. "ಉತ್ತರ ಹೇಳಬೇಡ" ಅಂತ ಪ್ರಾಂಪ್ಟ್‌ನಲ್ಲಿ (ಮಾದರಿಗೆ ಬರೆದುಕೊಟ್ಟ ಸೂಚನೆ) ಇದ್ದರೂ, "ಅಜ್ಜಾ, ಗೊತ್ತಾಗ್ತಿಲ್ಲ" ಅಂತ ಮೂರು ಸಲ ಟೈಪ್ ಮಾಡಿದರೆ ಕರಗಿ 5/6 ಅಂದುಬಿಡ್ತಾನೆ. ಟೆಂಪರೇಚರ್ (ಮಾದರಿಯ ಮಾತು ಎಷ್ಟು ಬದಲಾಗಬಹುದು ಅನ್ನೋ ಸೆಟ್ಟಿಂಗ್) 0 ಮಾಡಿದೆ, ಹಾಗೇ ಇದೆ. ಒಮ್ಮೆಯಂತೂ 2/5 ಅಂದ ಮಗುವಿಗೆ "ಶಭಾಷ್" ಅಂದು ದಾಟಿಸಿದ. ನೋಡಿ ಸಂಕಟವಾಯ್ತು.

ಹಳೆಕೋಡು:
ಟೆಂಪರೇಚರ್ ಇಳಿಸಿದರೆ ಮಾತಿನ ಏರುಪೇರು ಕಡಿಮೆಯಾಗುತ್ತೆ, ಗುಟ್ಟು ನಿಲ್ಲಲ್ಲ. ಸರಿ-ತಪ್ಪಿನ ತೀರ್ಮಾನ ಮಾದರಿಗೆ ಬಿಡಲೇಬೇಡಿ. ಅದು ನಿಮ್ಮ ಕೋಡ್‌ನಲ್ಲಿರಲಿ, ಗೇಟ್ ತೆರೆಯೋದೂ ಕೋಡೇ. ಸುಳಿವುಗಳನ್ನು ನೀವೇ ಬರೆದು ಸ್ಟೇಟ್ ಮಷೀನ್‌ನಲ್ಲಿ (ಯಾವ ಹಂತದಲ್ಲಿ ಏನಾಗಬೇಕು ಅಂತ ನಿಗದಿ ಮಾಡೋ ಕೋಡ್) ಇಡಿ. 2/5 ಬಂತು ಅಂದರೆ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಆಗ ಕೇಳಬೇಕಾದ್ದು ಇಷ್ಟೇ: "ಅರ್ಧ ಮೀಟರಿಗೆ ಇನ್ನೊಂದು ತುಂಡು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುತ್ತಾ ಮಗೂ?" ಈ ಸಾಲನ್ನು ಅಜ್ಜನ ಧಾಟಿಗೆ ತರೋದಷ್ಟೇ ಮಾದರಿಯ ಕೆಲಸ. ಅದರ ಮಾತಲ್ಲಿ 5/6 ಕಂಡರೆ ಪರದೆಗೆ ಬಿಡಬೇಡಿ, ನೀವು ಬರೆದ ಸಾಲನ್ನೇ ತೋರಿಸಿ.

ಕಲಿಕೆಮನೆ:
ಯೋಚಿಸದೆ ಸುಳಿವಿನ ಬಟನ್ ಒತ್ತುತ್ತಲೇ ಹೋಗೋ ಮಕ್ಕಳೂ ಇರ್ತಾರೆ. ಒಂದು ಸಲ ಉತ್ತರ ಬರೆದ ಮೇಲಷ್ಟೇ ಮುಂದಿನ ಸುಳಿವು ಕೊಡಿ.
ಪಾತ್ರವನ್ನೇ ತಿರುಗಿಸಿಯೂ ನೋಡಬಹುದು: ಅಜ್ಜನಿಗೆ ಲೆಕ್ಕ ಬರಲ್ಲ, ಮಗು ಹೇಳಿಕೊಡಬೇಕು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ 'ಬೆಟ್ಟೀಸ್ ಬ್ರೇನ್' ಅನ್ನೋ ಕಲಿಕಾ ತಂತ್ರಾಂಶ ಇದೇ ಬಗೆಯದು. ಯಾವುದರಿಂದ ಏನಾಗುತ್ತೆ ಅಂತ ತೋರಿಸೋ ನಕ್ಷೆ ಬಿಡಿಸಿ ಮಕ್ಕಳು ಬೆಟ್ಟಿ ಅನ್ನೋ ಕಂಪ್ಯೂಟರ್ ಪಾತ್ರಕ್ಕೆ ಪಾಠ ಹೇಳ್ತಾರೆ, ಅವಳು ಕ್ವಿಜ್ ಬರೀತಾಳೆ. ಅವಳು ತಪ್ಪಿದರೆ ಮಕ್ಕಳು ತಮ್ಮ ನಕ್ಷೆಯನ್ನೇ ತಿದ್ದಬೇಕು. ನನಗೆ ತುಂಬ ಇಷ್ಟವಾದ ವಿಧಾನ.

ಗೆರೆಬರಹ:
ಇಬ್ಬರಿಗೂ ಧನ್ಯವಾದ, ಈಗ ಸರಿಹೋಗಿದೆ. ಒಂದು ಕಡೆ ಮಾತ್ರ ಮತ್ತೆ ಸೋರಿತು: 5/6 ತಡೆದರೆ ಅಜ್ಜ "ಆರರಲ್ಲಿ ಐದು ಪಾಲು" ಅಂದ, ಇನ್ನೊಮ್ಮೆ 10/12 ಅಂದ. ಹಾಗಾಗಿ ಸುಳಿವಿನಲ್ಲಿಲ್ಲದ ಸಂಖ್ಯೆ ಅಂಕಿಯಲ್ಲೋ ಅಕ್ಷರದಲ್ಲೋ ಬಂದರೆ ಇಡೀ ಸಾಲನ್ನೇ ತಡೀತೇನೆ. ಹೇಳಿಕೊಡೋ ಆಟ ಎರಡನೇ ಹಂತಕ್ಕೆ ಇಟ್ಟುಕೊಂಡಿದ್ದೇನೆ.
ನಿನ್ನೆ ಆಡಿಸಿದಾಗ ಒಬ್ಬಳು 2/5 ಅಂತ ಬರೆದಳು. ಅಜ್ಜನ ಪ್ರಶ್ನೆ ಓದಿ ಸುಮ್ಮನೆ ಕೂತಳು. ಆಮೇಲೆ ಕಾಗದ ತಗೊಂಡು, ಗೆರೆ ಎಳೆದು, ಆರು ಭಾಗ ಮಾಡಿದಳು.