ಗ್ರಾಫಿಕ್ಸ್ ಕಾರ್ಡ್ ಮತ್ತು ಎನ್‌ವಿಎಂಇ ಎಸ್‌ಎಸ್‌ಡಿ: ಬಿ550 ಬೋರ್ಡ್‌ನಲ್ಲಿ ಯಾವುದನ್ನು ಯಾವ ಸ್ಲಾಟ್‌ಗೆ ಹಾಕಬೇಕು?

ಬೆಟಗೇರಿ ಸ್ಟುಡಿಯೋ:

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯಲ್ಲಿ ಮದುವೆ, ಕುಬಸ, ಗೃಹಪ್ರವೇಶಗಳ ವಿಡಿಯೋ ಎಡಿಟಿಂಗ್ ಮಾಡಿಕೊಂಡಿದ್ದೇನೆ. ಲಗ್ನಸರಾಯಿ ಶುರುವಾಗುವುದರೊಳಗೆ ಹೊಸ ಕಂಪ್ಯೂಟರ್ ಕಟ್ಟಿಸಬೇಕೆಂದು ಹುಬ್ಬಳ್ಳಿಯ ಅಂಗಡಿಯೊಂದರಿಂದ ಕೊಟೇಶನ್ ತಂದಿದ್ದೇನೆ. ಅದರಲ್ಲಿ ರೈಜೆನ್ 5 5600ಜಿ ಪ್ರೊಸೆಸರ್, ಬಿ550 ಚಿಪ್‌ಸೆಟ್‌ನ (ಬೋರ್ಡ್‌ನ ಸಂಪರ್ಕಗಳನ್ನು ನಿಭಾಯಿಸುವ ಚಿಪ್) ದೊಡ್ಡ ಅಳತೆಯ ಮದರ್‌ಬೋರ್ಡ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಗೂ ಪಿಸಿಐಇ (ಕಾರ್ಡ್, ಎಸ್‌ಎಸ್‌ಡಿಗಳನ್ನು ಪ್ರೊಸೆಸರ್‌ಗೆ ಜೋಡಿಸುವ ದಾರಿ) 4.0 ವೇಗದ ತಲಾ 1 ಟಿಬಿಯ ಎರಡು ಎನ್‌ವಿಎಂಇ ಎಸ್‌ಎಸ್‌ಡಿಗಳಿವೆ. ನನ್ನ ಬಳಿ ಈಗಾಗಲೇ ಇರುವ ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನೂ ಅದಕ್ಕೇ ಜೋಡಿಸಬೇಕಾಗಿದೆ.

ಕೇಳಲು ಕಾರಣವೊಂದಿದೆ. ನನ್ನ ಹಳೆಯ ಬಿ450 ಕಂಪ್ಯೂಟರನ್ನು ಧೂಳು ತೆಗೆಸಲು ಒಬ್ಬರ ಬಳಿ ಕೊಟ್ಟಿದ್ದೆ. ಅವರು ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಮರಳಿ ಹಾಕುವಾಗ ಕೈಗೆ ಸಲೀಸಾಗಿ ಸಿಕ್ಕ ಕೆಳಗಿನ ಉದ್ದ ಸ್ಲಾಟ್‌ಗೆ ಕೂಡಿಸಿಬಿಟ್ಟರು. ಮೂರು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಓಡಿಸಿದರೆ ಟೈಮ್‌ಲೈನ್ ತಡವರಿಸತೊಡಗಿತು, ಎರಡು ಸೀಸನ್ ನಾನು ಸಾಫ್ಟ್‌ವೇರನ್ನೇ ಬೈದುಕೊಂಡು ಕಳೆದೆ. ಕಾರ್ಡ್ ತಪ್ಪು ಜಾಗದಲ್ಲಿದೆ ಎಂದು ತಿಳಿದ ಮೇಲೆ ಹೋಗಿ ಕೇಳಿದರೆ, "ಎರಡೂ ಒಂದ ಸೈಜ್ ಅದಾವಲ್ರೀ, ಎಲ್ಲಿ ಹಾಕಿದ್ರೂ ನಡೀತದ" ಎಂಬ ಉತ್ತರ ಬಂತು. ಈ ಸಲ ಹಾಗಾಗಬಾರದು. ಯಾವುದನ್ನು ಎಲ್ಲಿ ಹಾಕಿಸಬೇಕು, ಎರಡು ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಕಾರ್ಡ್‌ನ ವೇಗ ಕಡಿಮೆಯಾಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೇ ಹುಬ್ಬಳ್ಳಿ ಅಸೆಂಬ್ಲರ್:

ಸರ್, ಸ್ಲಾಟ್‌ಗಳ ವಿಷಯಕ್ಕೆ ಹೋಗುವ ಮೊದಲು ಕೊಟೇಶನ್‌ನ ಮೊದಲ ಸಾಲನ್ನೇ ತಿದ್ದಿಸಿಕೊಳ್ಳಿ. ರೈಜೆನ್ 5 5600ಜಿ ಪ್ರೊಸೆಸರ್ ಪಿಸಿಐಇ 3.0ಕ್ಕಿಂತ ಮುಂದೆ ಹೋಗುವುದಿಲ್ಲ, ಬೋರ್ಡ್ ಬಿ550 ಆಗಿದ್ದರೂ ಅಷ್ಟೇ. ಹೆಸರಿನ ಕೊನೆಯಲ್ಲಿ ಜಿ ಇಲ್ಲದ ರೈಜೆನ್ 5 5600 ತೆಗೆದುಕೊಂಡರೆ ಅದೇ ಬೋರ್ಡ್‌ನಲ್ಲಿ 4.0 ವೇಗ ಸಿಗುತ್ತದೆ, ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) ಕೂಡ 16 ಎಂಬಿಯ ಬದಲು 32 ಎಂಬಿ ಇರುತ್ತದೆ. ಜಿ ಮಾದರಿಯ ಹೆಚ್ಚುಗಾರಿಕೆ ಎಂದರೆ ಅದರೊಳಗೇ ಗ್ರಾಫಿಕ್ಸ್ ಇರುವುದು. ನೀವು ಬೇರೆ ಕಾರ್ಡ್ ಕೊಳ್ಳುತ್ತಿರುವಾಗ ಅದರಿಂದ ದೊಡ್ಡ ಪ್ರಯೋಜನವಿಲ್ಲ. ಕಾರ್ಡ್ ಕೆಟ್ಟ ದಿನ ಪರದೆಯ ಮೇಲೆ ಏನಾದರೂ ಕಾಣಲಿ ಎಂಬ ಧೈರ್ಯ ಬೇಕಿದ್ದರೆ ಮಾತ್ರ ಅದನ್ನು ಇಟ್ಟುಕೊಳ್ಳಬಹುದು, ಆದರೆ ಆ ಧೈರ್ಯಕ್ಕಾಗಿ ಉಳಿದ ದಿನಗಳೆಲ್ಲ ಅರ್ಧ ವೇಗಕ್ಕೆ ಒಪ್ಪಿಕೊಂಡಂತಾಗುತ್ತದೆ.

ಇನ್ನು ಸ್ಲಾಟ್‌ಗಳು. ಸ್ಲಾಟ್‌ನ ಉದ್ದವನ್ನು ನಂಬಬೇಡಿ, ಅದರ ಲೇನ್‌ಗಳು (ದತ್ತಾಂಶ ಓಡುವ ಪಥಗಳು) ಎಲ್ಲಿಂದ ಬರುತ್ತವೆ ಎಂಬುದನ್ನು ನೋಡಿ. ಈ ಪ್ರೊಸೆಸರ್‌ನಿಂದ ಒಟ್ಟು 24 ಲೇನ್‌ಗಳು ಹೊರಡುತ್ತವೆ. ಅವುಗಳಲ್ಲಿ 16 ಮೇಲಿನ ಗ್ರಾಫಿಕ್ಸ್ ಸ್ಲಾಟ್‌ಗೆ, 4 ಪ್ರೊಸೆಸರ್‌ಗೆ ಹತ್ತಿರವಿರುವ ಎಂ.2 ಸ್ಲಾಟ್‌ಗೆ (ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಜಾಗ), ಉಳಿದ 4 ಚಿಪ್‌ಸೆಟ್‌ಗೆ ಹೋಗುತ್ತವೆ. ಮಿಕ್ಕ ಸ್ಲಾಟ್‌ಗಳು, ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳು, ನೆಟ್‌ವರ್ಕ್, ಕೆಲವು ಯುಎಸ್‌ಬಿ ಪೋರ್ಟ್‌ಗಳು ಎಲ್ಲವೂ ಚಿಪ್‌ಸೆಟ್‌ನ ಹಿಂದೆ ಸರದಿಯಲ್ಲಿ ನಿಂತು ಆ ನಾಲ್ಕು ಲೇನ್‌ಗಳ ಒಂದೇ ದಾರಿಯಲ್ಲಿ ಪ್ರೊಸೆಸರನ್ನು ತಲುಪಬೇಕು. ಬಿ550ಯಲ್ಲಿ ಆ ದಾರಿ ಪಿಸಿಐಇ 3.0 ಆಗಿರುವುದರಿಂದ ಅದರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ ಸುಮಾರು 3.9 ಜಿಬಿ. ಆದ್ದರಿಂದ ನಿಮ್ಮ ವೇಗದ ಎಸ್‌ಎಸ್‌ಡಿಯನ್ನು ಮೇಲಿನ ಎಂ.2 ಸ್ಲಾಟ್‌ಗೇ ಹಾಕಿಸಿ, ಅಲ್ಲಿ ಅದಕ್ಕೆ ಸುಮಾರು 7.9 ಜಿಬಿಯ ಸ್ವಂತ ದಾರಿ ಇರುತ್ತದೆ. ಎರಡನೆಯ ಎಂ.2 ಹೇಗಿದ್ದರೂ 3.0 ವೇಗದ್ದು, ಅದಕ್ಕೆ 4.0 ಎಸ್‌ಎಸ್‌ಡಿ ಕೊಳ್ಳುವುದು ದುಡ್ಡು ದಂಡ. ಹಾಕಿದರೆ ಕೆಲಸವೇನೋ ಮಾಡುತ್ತದೆ.

ಎರಡು ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಕಾರ್ಡ್ ನಿಧಾನವಾಗುತ್ತದೆ ಎಂಬ ಮಾತು ಹುಟ್ಟಿರುವುದು ಬೇರೆ ಬೋರ್ಡ್‌ಗಳಿಂದ. ಇಂಟೆಲ್ 12ರಿಂದ 14ನೇ ತಲೆಮಾರಿನ ಕೆಲವು ಬೋರ್ಡ್‌ಗಳಲ್ಲಿ ಪಿಸಿಐಇ 5.0 ಎಂ.2 ಸ್ಲಾಟ್ ಬಳಸಿದರೆ ಗ್ರಾಫಿಕ್ಸ್‌ನ 16 ಲೇನ್‌ಗಳು ಎಂಟಕ್ಕೆ ಇಳಿಯುತ್ತವೆ. ನಿಮ್ಮ ಬೋರ್ಡ್‌ನ ಮೇಲಿನ ಎಂ.2ಗೆ ಪ್ರತ್ಯೇಕ ಲೇನ್‌ಗಳಿವೆ. ಇದಕ್ಕಿಂತ ಮುಖ್ಯವಾದ ಸಂಗತಿ ಎಂದರೆ ಆರ್‌ಟಿಎಕ್ಸ್ 4060 ಕಾರ್ಡ್ ನೋಡಲು ಎಕ್ಸ್16 (16 ಲೇನ್‌ನ ಉದ್ದ) ಆಗಿದ್ದರೂ ಬಳಸುವುದು ಎಂಟೇ ಲೇನ್. ಎಂಟು ಲೇನ್ 4.0ರಲ್ಲಿ ಸುಮಾರು 15.8 ಜಿಬಿ, 3.0ರಲ್ಲಿ ಅದರ ಅರ್ಧ. 5600ಜಿ ಬೇಡವೆಂದು ನಾನು ಹೇಳಲು ಇದೂ ಒಂದು ಕಾರಣ, ಏಕೆಂದರೆ ಆ ಕಾರ್ಡ್‌ನಲ್ಲಿರುವುದು 8 ಜಿಬಿ ಮೆಮೊರಿ, ಅದು ತುಂಬಿ ಹರಿದಾಗ ಹೆಚ್ಚಿನ ದತ್ತಾಂಶ ಈ ದಾರಿಯಲ್ಲೇ ಓಡಾಡಬೇಕಾಗುತ್ತದೆ.

ನಿಮ್ಮ ಹಳೆಯ ಬಿ450ಯಲ್ಲಿ ಆದದ್ದೂ ಇದೇ. ಅದರ ಕೆಳಗಿನ ಉದ್ದ ಸ್ಲಾಟ್ ಚಿಪ್‌ಸೆಟ್‌ನಿಂದ ಬರುವ ನಾಲ್ಕು ಲೇನ್‌ಗಳ ಪಿಸಿಐಇ 2.0, ಅಂದರೆ ಸೆಕೆಂಡಿಗೆ 2 ಜಿಬಿ. ಮುಂದಿನ ಸಲ ಕ್ಯಾಬಿನೆಟ್ ತೆರೆದಾಗ ಮೊಬೈಲ್ ಟಾರ್ಚ್ ಹಿಡಿದು ಆ ಸ್ಲಾಟ್‌ನೊಳಗೆ ಇಣುಕಿ ನೋಡಿ. ಮೇಲಿನ ಸ್ಲಾಟ್‌ನಲ್ಲಿ ಬಂಗಾರದ ಬಣ್ಣದ ಹಲ್ಲುಗಳು ಉದ್ದಕ್ಕೂ ಇರುತ್ತವೆ. ಕೆಳಗಿನದರಲ್ಲಿ ಹೆಚ್ಚಿನ ಬೋರ್ಡ್‌ಗಳಲ್ಲಿ ಮೊದಲ ಭಾಗಕ್ಕಷ್ಟೇ ಹಲ್ಲುಗಳಿದ್ದು, ಆಚೆಗೆ ಬರೀ ಪ್ಲಾಸ್ಟಿಕ್ ಬಾಯಿ ಕಾಣುತ್ತದೆ.

ಸಾಧನಕೇರಿ:

ಮೇಲಿನ ಉತ್ತರದಲ್ಲಿ ತಪ್ಪಿಲ್ಲ, ಆದರೆ ಎಡಿಟಿಂಗ್ ಕೆಲಸದ ಲೆಕ್ಕ ಹಾಕಿ ನೋಡಿದರೆ ಹಣ ಎಲ್ಲಿ ಹಾಕಬೇಕು ಎಂಬುದು ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಮದುವೆಗಳಲ್ಲಿ ಬಳಸುವ ಕ್ಯಾಮೆರಾಗಳು 4ಕೆ ದೃಶ್ಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬಿಟ್‌ನ ಆಸುಪಾಸಿನಲ್ಲಿ ದಾಖಲಿಸುತ್ತವೆ. ಅದು 12.5 ಎಂಬಿ. ಮೂರು ಕ್ಯಾಮೆರಾ ಸೇರಿದರೂ ನಲವತ್ತು ದಾಟುವುದಿಲ್ಲ, 550 ಎಂಬಿ ಓದುವ ಸಾಧಾರಣ ಸಾಟಾ ಎಸ್‌ಎಸ್‌ಡಿಗೂ ಅದು ಭಾರವಲ್ಲ. ಹಾಗಿದ್ದರೆ ನಿಮ್ಮ ಟೈಮ್‌ಲೈನ್ ತಡವರಿಸಿದ್ದು ಏಕೆ? ಸಂಕುಚಿತ ಕಡತವನ್ನು ಬಿಚ್ಚಿದ ಮೇಲೆ 3840×2160ರ ಒಂದೊಂದು ಚೌಕಟ್ಟು, ಪಿಕ್ಸೆಲ್‌ಗೆ 4 ಬೈಟ್‌ನಂತೆ, ಸುಮಾರು 33 ಎಂಬಿ ಆಗುತ್ತದೆ. ಸೆಕೆಂಡಿಗೆ 25 ಚೌಕಟ್ಟು ಎಂದರೆ ಒಂದು ಕ್ಯಾಮೆರಾಕ್ಕೆ ಸುಮಾರು 830 ಎಂಬಿ. ಅಂಥ ಮೂರನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಸಾಗಿಸಬೇಕಾಗಿ ಬಂದರೆ 2 ಜಿಬಿಯ ದಾರಿ ಸಾಲುವುದಿಲ್ಲ. ಬಿಚ್ಚುವ ಕೆಲಸವನ್ನು ಕಾರ್ಡೇ ಮಾಡಿದರೆ ಹೊರೆ ಇಳಿಯುತ್ತದೆ, ಆದರೆ ಎಲ್ಲ ಬಗೆಯ ಕಡತಗಳಿಗೂ ಅದು ಒದಗುವುದಿಲ್ಲ. 3.0ರ ಎಂಟು ಲೇನ್‌ಗಳಲ್ಲಾದರೂ ಈ ಮೂರು ಆರಾಮವಾಗಿ ಹೋಗುತ್ತವೆ. ಹೀಗಾಗಿ 5600ಜಿ ಕೊಂಡರೆ ನಿಮ್ಮ ಕೆಲಸವೇ ನಿಂತುಹೋಗುತ್ತದೆ ಎಂದು ಹೆದರಬೇಕಾಗಿಲ್ಲ, ಅದೇ ಆಸುಪಾಸಿನ ಬೆಲೆಗೆ 5600 ಸಿಕ್ಕರೆ ಅದೇ ಮೇಲು ಎಂಬುದನ್ನು ನಾನೂ ಒಪ್ಪುತ್ತೇನೆ.

ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ 7,000 ಎಂಬಿಯ ಅಂಕಿಗೆ ಮರುಳಾಗಬೇಡಿ ಎಂಬುದು ನನ್ನ ನಿಜವಾದ ಮಾತು. ಮೆಮೊರಿ ಕಾರ್ಡ್‌ನಿಂದ ಕಾಪಿ ಮಾಡುವಾಗ ಯುಎಚ್‌ಎಸ್-1 ಕಾರ್ಡ್‌ನ ಮಿತಿ ಸೆಕೆಂಡಿಗೆ 104 ಎಂಬಿ, ವಾಸ್ತವದಲ್ಲಿ ತೊಂಬತ್ತರ ಆಸುಪಾಸು ಬಂದರೆ ಪುಣ್ಯ. 64 ಜಿಬಿ ಕಾರ್ಡ್ ಖಾಲಿ ಮಾಡಲು ಹನ್ನೆರಡು ನಿಮಿಷ ಹಿಡಿಯುತ್ತದೆ, ಎದುರಿಗೆ ಯಾವ ಎಸ್‌ಎಸ್‌ಡಿ ಇದ್ದರೂ ಅಷ್ಟೇ. ಕೆಲಸ ಮುಗಿಸಿ 500 ಜಿಬಿಯನ್ನು ಹಾರ್ಡ್ ಡಿಸ್ಕ್‌ಗೆ ಇಳಿಸುವಾಗ, 180 ಎಂಬಿ ವೇಗದಲ್ಲಿ ಮುಕ್ಕಾಲು ತಾಸು ಬೇಕೇ ಬೇಕು. ಅಗ್ಗದ ಕ್ಯೂಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ) ಎಸ್‌ಎಸ್‌ಡಿಗಳು ಮೊದಲಲ್ಲಿ ರಭಸವಾಗಿ ಬರೆದು, ಒಳಗಿನ ಕ್ಯಾಶ್ ತುಂಬಿದ ಕೂಡಲೇ ಸಾಟಾಕ್ಕಿಂತಲೂ ಕೆಳಗೆ ಇಳಿಯುವುದುಂಟು. ಆದ್ದರಿಂದ ಟಿಎಲ್‌ಸಿ (ಕೋಶಕ್ಕೆ ಮೂರು ಬಿಟ್) ಮೆಮೊರಿಯೂ ಡಿರ‍್ಯಾಮ್ ಕ್ಯಾಶ್ ಕೂಡ ಇರುವುದನ್ನು ಕೇಳಿ ತೆಗೆದುಕೊಳ್ಳಿ, ಎರಡನೆಯ ಎಸ್‌ಎಸ್‌ಡಿಯಲ್ಲಿ ಉಳಿದ ಹಣವನ್ನು ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಹಾಕಿ.

ಬೆಟಗೇರಿ ಸ್ಟುಡಿಯೋ:

ಇಬ್ಬರಿಗೂ ಧನ್ಯವಾದಗಳು. ಟಾರ್ಚ್ ಹಿಡಿದು ನೋಡಿದೆ, ನೀವು ಹೇಳಿದಂತೆಯೇ ಕೆಳಗಿನ ಸ್ಲಾಟ್‌ನ ಮುಕ್ಕಾಲು ಭಾಗ ಬೋಳಾಗಿದೆ. ಅಂಗಡಿಯವರು ಕೊಟೇಶನ್ ಬದಲಿಸಿ 5600 ಹಾಗೂ ಎರಡನೆಯದಕ್ಕೆ 3.0 ಎಸ್‌ಎಸ್‌ಡಿ ಹಾಕಲು ಒಪ್ಪಿದ್ದಾರೆ. ಇನ್ನೊಂದು ಪ್ರಶ್ನೆ ಉಳಿದಿದೆ. ಜನರು ಇಪ್ಪತ್ತು ವರ್ಷ ಹಿಂದಿನ ಮದುವೆಯ ಮಿನಿ ಡಿವಿ ಕ್ಯಾಸೆಟ್‌ಗಳನ್ನು ಪೆನ್ ಡ್ರೈವ್‌ಗೆ ಹಾಕಿಕೊಡಿ ಎಂದು ತರುತ್ತಾರೆ, ಅದಕ್ಕಾಗಿ ನನ್ನ ಬಳಿ ಹಳೆಯ ಕ್ಯಾಮೆರಾ ಜೋಡಿಸುವ ಎಕ್ಸ್1 (ಒಂದೇ ಲೇನ್‌ನ) ಫೈರ್‌ವೈರ್ ಕಾರ್ಡ್ ಇದೆ. ಅದಕ್ಕೂ ಜಾಗ ಸಿಗುತ್ತದೆಯೇ?

ರಾಣೆಬೆನ್ನೂರು:

ಸಿಗುತ್ತದೆ, ಆದರೆ ಮೊದಲು ಆ ಬೋರ್ಡ್‌ನ ಮ್ಯಾನ್ಯುವಲ್ ಇಳಿಸಿಕೊಂಡು ಸ್ಲಾಟ್‌ಗಳ ಕೋಷ್ಟಕದ ಕೆಳಗಿರುವ ಸಣ್ಣಕ್ಷರದ ಟಿಪ್ಪಣಿಗಳನ್ನು ಓದಿ. ಹಲವು ಬಿ550 ಬೋರ್ಡ್‌ಗಳಲ್ಲಿ ಎರಡನೆಯ ಎಂ.2 ಬಳಸಿದರೆ ಐದು ಮತ್ತು ಆರನೆಯ ಸಾಟಾ ಪೋರ್ಟ್‌ಗಳು ನಿಂತುಹೋಗುತ್ತವೆ, ಇನ್ನು ಕೆಲವದರಲ್ಲಿ ಕೆಳಗಿನ ಉದ್ದ ಸ್ಲಾಟ್‌ಗೆ ಏಟು ಬೀಳುತ್ತದೆ. ನಾನು ಇದನ್ನು ಓದದೆ ಪಟ್ಟ ಪಾಡು ಹೇಳುತ್ತೇನೆ. ಎರಡನೆಯ ಎಸ್‌ಎಸ್‌ಡಿ ಕೂಡಿಸಿ ಕಂಪ್ಯೂಟರ್ ಚಾಲೂ ಮಾಡಿದರೆ, ಒಂದು ಕುಟುಂಬದ ಇಡೀ ಮದುವೆ ತುಂಬಿದ್ದ ಹಾರ್ಡ್ ಡಿಸ್ಕ್ ವಿಂಡೋಸ್‌ನಲ್ಲಿ ಕಾಣಲೇ ಇಲ್ಲ. ಕೇಬಲ್ ಮೂರು ಸಲ ಬದಲಿಸಿದೆ, ಕಿವಿಗೆ ಹಿಡಿದು ತಿರುಗುವ ಸದ್ದು ಕೇಳಿದೆ, ಡಿಸ್ಕ್ ಸತ್ತಿತೆಂದೇ ತೀರ್ಮಾನಿಸಿ ಆ ಮನೆಯವರಿಗೆ ಹೇಗೆ ಹೇಳಲಿ ಎಂದು ರಾತ್ರಿಯೆಲ್ಲ ಕೂತಿದ್ದೆ. ಮುಂಜಾನೆ ಕೇಬಲನ್ನು ಆರನೆಯ ಪೋರ್ಟ್‌ನಿಂದ ಎರಡನೆಯದಕ್ಕೆ ಬದಲಿಸಿದ ಕೂಡಲೇ ಎಲ್ಲವೂ ಇದ್ದಲ್ಲೇ ಇತ್ತು. ನಿಮ್ಮ ನಾಲ್ಕು ಡಿಸ್ಕ್‌ಗಳನ್ನು ಒಂದರಿಂದ ನಾಲ್ಕನೆಯ ಪೋರ್ಟ್‌ಗಳಿಗೇ ಹಾಕಿಸಿ.

ಫೈರ್‌ವೈರ್ ಕಾರ್ಡ್‌ಗೆ ಬೋರ್ಡ್‌ನಲ್ಲಿರುವ ಚಿಕ್ಕ ಎಕ್ಸ್1 ಸ್ಲಾಟ್ ಗ್ರಾಫಿಕ್ಸ್ ಕಾರ್ಡ್‌ನ ದಪ್ಪದ ಅಡಿಯಲ್ಲಿ ಮುಚ್ಚಿಹೋದರೆ ಗಾಬರಿಯಾಗಬೇಡಿ. ಚಿಕ್ಕ ಕಾರ್ಡ್ ಉದ್ದ ಸ್ಲಾಟ್‌ನಲ್ಲಿ ನಡೆಯುತ್ತದೆ. ಡಿವಿ ವಿಡಿಯೋಗೆ ಬೇಕಾಗುವುದು ಸೆಕೆಂಡಿಗೆ 25 ಮೆಗಾಬಿಟ್ ಮಾತ್ರ, ಒಂದೇ ಲೇನ್ ಅದಕ್ಕೆ ಧಾರಾಳವಾಯಿತು. ನಿಮ್ಮ ಬೋರ್ಡ್‌ನಲ್ಲಿ ಎರಡನೆಯ ಎಂ.2ಗೆ ಹೊಂದಿಕೊಂಡಿರುವುದು ಆ ಉದ್ದ ಸ್ಲಾಟೋ ಸಾಟಾ ಪೋರ್ಟ್‌ಗಳೋ ಎಂಬುದನ್ನಷ್ಟೇ ಖಚಿತಪಡಿಸಿಕೊಳ್ಳಿ.

ಗದಗಿನ ಬೇಸಿಗೆಯ ಬಗ್ಗೆಯೂ ಒಂದು ಮಾತು. ಮೇಲಿನ ಎಂ.2 ಸ್ಲಾಟ್ ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ನಡುವೆ ಸಿಕ್ಕಿಕೊಂಡಿರುತ್ತದೆ, ಎರಡರ ಕಾವೂ ಅದಕ್ಕೆ ತಾಗುತ್ತದೆ. ಎಸ್‌ಎಸ್‌ಡಿಗಳು 80 ಡಿಗ್ರಿಯ ಆಸುಪಾಸಿಗೆ ಬಂದಾಗ ತಾವಾಗಿ ವೇಗ ತಗ್ಗಿಸಿಕೊಳ್ಳುತ್ತವೆ. ಬೋರ್ಡ್ ಜೊತೆ ಬರುವ ಹೀಟ್‌ಸಿಂಕ್ ತಪ್ಪದೆ ಹಾಕಿಸಿ, ಅದರ ಮೆತ್ತನೆಯ ಪ್ಯಾಡ್‌ಗೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುಲಿದಿದ್ದಾರೆಯೇ ಎಂದು ಎದುರಿಗೇ ನಿಂತು ನೋಡಿ. ಆ ಹಾಳೆ ಹಾಗೆಯೇ ಉಳಿದಿದ್ದನ್ನು ನಾನು ಒಂದಲ್ಲ, ಮೂರು ಕಂಪ್ಯೂಟರ್‌ಗಳಲ್ಲಿ ಕಂಡಿದ್ದೇನೆ.

ಬೆಟಗೇರಿ ಸ್ಟುಡಿಯೋ:

ಕಂಪ್ಯೂಟರ್ ಮನೆಗೆ ಬಂತು. ಹೀಟ್‌ಸಿಂಕ್‌ನ ಹಾಳೆಯನ್ನು ಸುಲಿಸಿಯೇ ತಂದೆ. ಎಂ.2ನ ಸಾಸಿವೆ ಕಾಳಿನಷ್ಟಿರುವ ಸ್ಕ್ರೂ ಒಮ್ಮೆ ಕೈಜಾರಿ ಕ್ಯಾಬಿನೆಟ್‌ನೊಳಗೆ ಬಿದ್ದು, ಅಯಸ್ಕಾಂತದ ಸ್ಕ್ರೂಡ್ರೈವರ್‌ನಿಂದ ಹುಡುಕಿ ತೆಗೆಯಲು ಅರ್ಧ ತಾಸು ಹಿಡಿಯಿತು. ಎಲ್ಲವೂ ನಡೆಯುತ್ತಿದೆ, ಆದರೆ ಗ್ರಾಫಿಕ್ಸ್ ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದರೆ ಕಾರ್ಡ್ 4.0 ಎಂದು ತೋರಿಸಿ, ಪಕ್ಕದಲ್ಲಿ ಈಗಿನ ವೇಗ ಎಕ್ಸ್8 1.1 ಎನ್ನುತ್ತಿದೆ. ಮತ್ತೆ ಮೋಸವಾಯಿತೇ?

ಹಳೇ ಹುಬ್ಬಳ್ಳಿ ಅಸೆಂಬ್ಲರ್:

ಇಲ್ಲ ಸರ್, ಎಂಟು ಲೇನ್ ತೋರಿಸುತ್ತಿದೆಯಲ್ಲ, ಕಾರ್ಡ್ ಸರಿಯಾಗಿಯೇ ಕೂತಿದೆ. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಅದು ಕೆಳಗಿನ ವೇಗಕ್ಕೆ ಇಳಿಯುತ್ತದೆ. ಆ ಸಾಲಿನ ಪಕ್ಕದಲ್ಲಿರುವ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರೀಕ್ಷೆ ಚಾಲೂ ಮಾಡಿ, ಅಂಕಿ ಮೇಲೇರುತ್ತದೆ.

ಬೆಟಗೇರಿ ಸ್ಟುಡಿಯೋ:

ಒತ್ತಿದೆ, ಎಕ್ಸ್8 4.0 ಬಂತು. ನಮ್ಮ ಬೋರ್ಡ್‌ನಲ್ಲಿ ಎರಡನೆಯ ಎಂ.2ಗೆ ಹೊಂದಿಕೊಂಡಿರುವುದು ಸಾಟಾ ಪೋರ್ಟ್‌ಗಳೇ, ಹೀಗಾಗಿ ಫೈರ್‌ವೈರ್ ಕಾರ್ಡ್ ಕೆಳಗಿನ ಉದ್ದ ಸ್ಲಾಟ್‌ನಲ್ಲಿ ಕೂತಿದೆ. ಇದನ್ನು ಬರೆಯುತ್ತಿರುವಾಗಲೇ ಒಂದು ಹಳೆಯ ಕ್ಯಾಸೆಟ್ ಅದರ ಮೂಲಕ ಇಳಿಯುತ್ತಿದೆ.