ಸಹಾಯ ಬೇಕು: ಟೊಂಗರಿರೋ ಕ್ರಾಸಿಂಗ್ ಯಾವ ತುದಿಯಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಅಕ್ಕನ ಜೊತೆ ನ್ಯೂಜಿಲೆಂಡಿನ ಟೊಂಗರಿರೋ ಆಲ್ಪೈನ್ ಕ್ರಾಸಿಂಗ್ (ಜ್ವಾಲಾಮುಖಿ ಬೆಟ್ಟ ದಾಟುವ ಕಾಲುದಾರಿ) ನಡೆಯಬೇಕು ಅಂತಿದ್ದೇವೆ. ಸುಮಾರು 20 ಕಿ.ಮೀ., ಏಳೆಂಟು ಗಂಟೆಯ ದಾರಿ. ದಿನವಿಡೀ ನಡೆಯುವುದು ಇಬ್ಬರಿಗೂ ಅಭ್ಯಾಸ. ಆದರೆ ಇಳಿಜಾರು ಬಂದರೆ ಅಕ್ಕನಿಗೆ ಮಂಡಿ ನೋವು.

ಜಾಸ್ತಿ ಜನ ಮಂಗಟೆಪೊಪೊ ಕಡೆಯಿಂದ ಹೊರಡುತ್ತಾರೆ. ಅದು 1120 ಮೀಟರ್ ಎತ್ತರದಲ್ಲಿದೆ, ಇನ್ನೊಂದು ತುದಿ ಕೆಟೆಟಾಹಿ 760ರಲ್ಲಿ. ಹಾಗಾಗಿ ಹತ್ತುವುದು ಕಡಿಮೆ. ಆದರೆ 1886 ಮೀಟರ್ ಎತ್ತರದ ರೆಡ್ ಕ್ರೇಟರ್ (ಜ್ವಾಲಾಮುಖಿಯ ಬಾಯಿ) ದಾಟಿ ಎಮರಾಲ್ಡ್ ಕೆರೆಗಳಿಗೆ ಇಳಿಯುವ ಜಾಗದ ವಿಡಿಯೋ ನೋಡಿದರೇ ಭಯವಾಗುತ್ತದೆ. ಕಡಿದಾದ ಏಣು, ಕಾಲಿಟ್ಟಲ್ಲೆಲ್ಲ ಜಾರುವ ಸಡಿಲ ಕಲ್ಲು, ಬೂದಿ. ಅಕ್ಕನಿಗೆ ಆ ಹಸಿರು ಕೆರೆಗಳನ್ನು ನೋಡುವ ಆಸೆ ಎಷ್ಟೋ ವರ್ಷದ್ದು. ಅದನ್ನು ಬಿಡಲು ಮನಸ್ಸೇ ಇಲ್ಲ.

ಕೆಟೆಟಾಹಿಯಿಂದ ಹೊರಟರೆ ಅದೇ ಜಾಗವನ್ನು ಹತ್ತಬಹುದು, ಮಂಡಿಗೆ ಒಳ್ಳೆಯದು ಅಲ್ವಾ? ಆದರೆ ಒಟ್ಟು ಏರು 1100 ಮೀಟರಿಗಿಂತ ಹೆಚ್ಚಾಗುತ್ತದೆ. ಕೊನೆಗೆ ಡೆವಿಲ್ಸ್ ಸ್ಟೇರ್‌ಕೇಸ್ ಮೆಟ್ಟಿಲುಗಳನ್ನು ದಣಿದ ಕಾಲಲ್ಲಿ ಇಳಿಯಬೇಕು. ನಕ್ಷೆ ನೋಡಿದೆ, ದಾರಿಯ ತುದಿಗೆ ಬಿಡುವ ಷಟಲ್ ಬಸ್ಸಿನವರನ್ನೂ ಕೇಳಿದೆ. "ನಿಧಾನ ಇಳಿದರೆ ಆಯ್ತು" ಅಂದರು, ಅಷ್ಟೇ. ಗಾಳಿ ಜೋರಿದ್ದರೆ ಹೋಗುವುದಿಲ್ಲ, ಅದಕ್ಕೆ ಹೆಚ್ಚುವರಿ ದಿನ ಇಟ್ಟುಕೊಂಡಿದ್ದೇವೆ.

ಮಂಡಿ ನೋವಿದ್ದೂ ಈ ದಾರಿ ನಡೆದವರು ದಯವಿಟ್ಟು ಹೇಳಿ: ಎರಡು ಕೋಲು ಹಿಡಿದರೆ ರೆಡ್ ಕ್ರೇಟರಿನ ಆ ಇಳಿಜಾರು ಇಳಿಯಬಹುದಾ, ಅಥವಾ ಕೆಟೆಟಾಹಿಯಿಂದ ಶುರು ಮಾಡುವುದೇ ಮೇಲಾ?